ನಿಲ್ಲುವುದೂ ಲಿಫ್ಟಿನ ಕೆಲಸವೇ

ಮನೆಯ ಲಿಫ್ಟ್ ನಿಂತುಹೋದರೆ ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕುವವರು, ಅದನ್ನು ಯಾರಿಗಾಗಿ ಹಾಕಿಸಿದ್ದೇವೋ ಅವರೇ. ಮಂಡಿ ಸವೆದ ಅಜ್ಜಿ ಎರಡನೇ ಮಹಡಿಯಲ್ಲೇ ಉಳಿದುಬಿಡುತ್ತಾರೆ. ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗ ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾನೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರಿಗೆ ಕೆಳಗಿನ ಹಜಾರದಲ್ಲೇ ಹಾಸಿಗೆ ಹಾಸಬೇಕಾಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ 30-40ರ ಸೈಟಿನಲ್ಲೇ ಮೂರು ಅಂತಸ್ತು ಎತ್ತುವವರು ಈಗ ಮೆಟ್ಟಿಲ ಪಕ್ಕದಲ್ಲಿ ಲಿಫ್ಟಿಗೂ ಒಂದು ಜಾಗ ಬಿಡುತ್ತಾರೆ. ಒಮ್ಮೆ ಅದು ಬಂದಮೇಲೆ ಮನೆಯ ದಿನಚರಿಯೆಲ್ಲ ಅದರ ಸುತ್ತ ಹೊಂದಿಕೊಳ್ಳುತ್ತದೆ. ಆಮೇಲೆ ಒಂದು ದಿನ ಬಟನ್ ಒತ್ತಿದರೆ ಅದು ಮಿಸುಕುವುದಿಲ್ಲ.

ಸಿಟ್ಟು ಬರುವುದು ಸಹಜ. ಲಕ್ಷಗಟ್ಟಲೆ ಸುರಿದು ತಂದ ಯಂತ್ರ ಬೇಕಾದ ಹೊತ್ತಿಗೇ ಕೈಕೊಟ್ಟರೆ ಯಾರಿಗಾದರೂ ತಾಳ್ಮೆ ತಪ್ಪುತ್ತದೆ. ಆದರೂ ಒಂದು ಮಾತು ನೆನಪಿರಲಿ. ಲಿಫ್ಟನ್ನು ರೂಪಿಸಿದವರು ಅದಕ್ಕೆ ಏರಿಳಿಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ನಿಲ್ಲುವುದನ್ನೂ ಕಲಿಸಿದ್ದಾರೆ. ಎಲ್ಲೇ ಒಂದು ಸಣ್ಣ ಅನುಮಾನ ಬಂದರೂ ನಿಂತುಬಿಡಬೇಕೆಂಬುದು ಅದರ ವೈರಿಂಗಿನಲ್ಲೇ ಬರೆದಿಟ್ಟ ನಿಯಮ. ರಿಪೇರಿಗೆ ಕೈಹಾಕುವವರು ಆ ಅನುಮಾನ ಯಾವುದೆಂದು ಹುಡುಕಿ ತಿಳಿಯಬೇಕು. ಅದರ ಬಾಯಿ ಮುಚ್ಚಿಸಲು ಯಾರಿಗೂ ಹಕ್ಕಿಲ್ಲ.

ಲಿಫ್ಟಿನ ಮೇಲೆ ಜನರಿಗೆ ನಂಬಿಕೆ ಹುಟ್ಟಿದ್ದೇ ಅದು ನಿಲ್ಲುವುದನ್ನು ಕಂಡಾಗ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸಿನ ವಸ್ತುಪ್ರದರ್ಶನದಲ್ಲಿ ಎಲಿಶಾ ಓಟಿಸ್ ಎತ್ತರಕ್ಕೇರಿಸಿದ ವೇದಿಕೆಯೊಂದರ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಎಲ್ಲರೆದುರು ಕಡಿಸಿದರು. ವೇದಿಕೆ ತುಸು ಜಾರಿ, ಪಕ್ಕದ ಹಳಿಗಳನ್ನು ಕಚ್ಚಿ ನಿಂತಿತು. ಮೂರು ವರ್ಷಗಳ ನಂತರ, 1857ರಲ್ಲಿ, ಅದೇ ಊರಿನ ಬ್ರಾಡ್‌ವೇಯ ಅಂಗಡಿ ಕಟ್ಟಡವೊಂದರಲ್ಲಿ ಅವರ ಕಂಪನಿಯ ಲಿಫ್ಟ್ ಜನರನ್ನು ಹೊತ್ತು ಓಡತೊಡಗಿತು. 1880ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ವರ್ನರ್ ಫಾನ್ ಸೀಮೆನ್ಸ್ ವಿದ್ಯುತ್ತಿನಿಂದ ಓಡುವ ಲಿಫ್ಟನ್ನು ತೋರಿಸಿದರು. ಯಂತ್ರ ಎಷ್ಟು ಬದಲಾದರೂ ಆ ಮೊದಲ ಪಾಠ ಹಾಗೇ ಉಳಿದಿದೆ. ಇಂದಿನ ಮೋಟಾರಿನ ಲಿಫ್ಟಿನಲ್ಲಿ ಬ್ರೇಕನ್ನು ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟು. ಕರೆಂಟು ಹೋದರೆ, ವೈರ್ ತುಂಡಾದರೆ, ಕರೆಂಟನ್ನು ಕೂಡಿಸುವ ಕಾಂಟ್ಯಾಕ್ಟರಿನ ಕಾಯಿಲ್ ಸುಟ್ಟರೆ ಬ್ರೇಕ್ ತಾನಾಗಿಯೇ ಬಿಗಿಯುತ್ತದೆ. ಯಾವುದೇ ಭಾಗ ಸೋತರೂ ಆ ಸೋಲು ಕ್ಯಾಬಿನ್ನನ್ನು ನಿಲ್ಲಿಸುವ ಕಡೆಗೇ ಬೀಳಬೇಕು ಎಂದು ಹಾಗೆ ಮಾಡಿದ್ದಾರೆ.

ಇದೇ ಲೆಕ್ಕಾಚಾರ ಲಿಫ್ಟಿನ ಸೇಫ್ಟಿ ಸರ್ಕಿಟ್ಟಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಲಿಫ್ಟ್ ಓಡಾಡುವ ಶಾಫ್ಟಿನ ತಳದ ಗುಂಡಿಯಲ್ಲಿ, ಅಂದರೆ ಪಿಟ್ಟಿನಲ್ಲಿ, ಒಂದು ಸ್ಟಾಪ್ ಸ್ವಿಚ್, ಶಾಫ್ಟಿನ ತುತ್ತತುದಿಯಲ್ಲೂ ತಳದಲ್ಲೂ ಒಂದೊಂದು ಲಿಮಿಟ್ ಸ್ವಿಚ್, ವೇಗ ಮಿತಿಮೀರಿದರೆ ಕಳಚಿಕೊಳ್ಳುವ ಗವರ್ನರ್ ಸ್ವಿಚ್, ಕ್ಯಾಬಿನ್ನಿನ ಗೇಟಿಗೆ ಒಂದು ಕಾಂಟ್ಯಾಕ್ಟ್, ಪ್ರತಿ ಮಹಡಿಯ ಬಾಗಿಲಿನ ಲಾಕಿಗೆ ಒಂದೊಂದು ಕಾಂಟ್ಯಾಕ್ಟ್. ಇವೆಲ್ಲ ಒಂದರ ಹಿಂದೊಂದು ಕೈಹಿಡಿದು ನಿಂತಿರುತ್ತವೆ. ಇವುಗಳ ಮೂಲಕ ಹಾದುಹೋಗುವ 110 ವೋಲ್ಟೋ 24 ವೋಲ್ಟೋ ಕೊನೆಯವರೆಗೆ ತಲುಪಿದರೆ ಮಾತ್ರ ಮುಖ್ಯ ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ, ಮೋಟಾರಿಗೆ ಜೀವ ಬರುತ್ತದೆ. ದೀಪಾವಳಿಯ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಮಾಲೆ ಕತ್ತಲಾಗುವುದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯೇನಲ್ಲ. ಮಾಲೆಯಲ್ಲಿ ಅದು ಅನನುಕೂಲ. ಇಲ್ಲಿ ಅದು ಬೇಕೆಂದೇ ಮಾಡಿದ ಏರ್ಪಾಟು. ಮೂರನೇ ಮಹಡಿಯ ಬಾಗಿಲು ಒಂದಂಗುಲ ತೆರೆದಿದ್ದರೂ ನೆಲಮಹಡಿಯಲ್ಲಿರುವ ಕ್ಯಾಬಿನ್ ಕದಲಬಾರದು.

ಲಿಫ್ಟ್ ಮೆಕ್ಯಾನಿಕ್ ಒಬ್ಬರು ಈ ಸರಪಳಿಯನ್ನು ಹೇಗೆ ವಿಚಾರಿಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಮೈಸೂರಿನ ಪರಿಚಯದವರ ಮನೆ. ನೆಲಮಹಡಿಯ ಮೇಲೆ ಎರಡು ಅಂತಸ್ತು, ತಳ್ಳಿ ತೆರೆಯುವ ಬಾಗಿಲಿನ ಲಿಫ್ಟು. ಕೆಲವು ದಿನಗಳಿಂದ ಆಗಾಗ ನಿಂತು ಮತ್ತೆ ಹೊರಡುತ್ತಿದ್ದದ್ದು ಅವತ್ತು ಪೂರ್ತಿ ನಿಂತಿತ್ತು. ಬಂದ ಹುಡುಗ ಚೀಲದಿಂದ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಮೊದಲು ಮನೆಯವರನ್ನು ಕೂರಿಸಿ ಕೇಳಿದ. ಯಾವ ಮಹಡಿಯಲ್ಲಿ ನಿಲ್ಲುತ್ತೆ? ಬೆಳಿಗ್ಗೆಯೋ, ಸಂಜೆಯೋ? ಮಳೆ ಬಂದ ದಿನವೋ? ಬಾಗಿಲು ಇನ್ನೊಮ್ಮೆ ಹಾಕಿದರೆ ಹೊರಡುತ್ತಿತ್ತೋ? ಉತ್ತರಗಳನ್ನೆಲ್ಲ ಕೇಳಿಕೊಂಡು ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲು ತೆಗೆದ. ಒಳಗಿನ ಬೋರ್ಡಿನಲ್ಲಿ ಸಾಲಾಗಿ ಸಣ್ಣ ದೀಪಗಳು. ಸೇಫ್ಟಿ ಎಂಬುದರ ಪಕ್ಕದ ದೀಪ ಉರಿಯುತ್ತಿತ್ತು, ಡೋರ್ ಲಾಕ್ ಎಂಬುದರದ್ದು ಆರಿತ್ತು. ಅಲ್ಲಿಗೆ ಲಿಮಿಟ್, ಗವರ್ನರ್, ಪಿಟ್ಟಿನ ಸ್ವಿಚ್ಚು ಇವೆಲ್ಲ ಅನುಮಾನದಿಂದ ಪಾರಾದವು. ತಪ್ಪು ಬಾಗಿಲುಗಳಲ್ಲಿದೆ.

ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಾಮನ್ ಟರ್ಮಿನಲ್ಲಿನ ಮೇಲಿಟ್ಟು, ಕೆಂಪು ಕಡ್ಡಿಯನ್ನು ಒಂದೊಂದೇ ಟರ್ಮಿನಲ್ಲಿಗೆ ಸರಿಸುತ್ತ ಹೋದ. ನೆಲಮಹಡಿಯ ಲಾಕಿಗೆ 110 ಹೋಗುತ್ತಿದೆ, ಅದರಿಂದ ಹೊರಗೂ ಬರುತ್ತಿದೆ. ಮೊದಲ ಮಹಡಿಯ ಲಾಕಿಗೆ ಹೋಗುತ್ತಿದೆ, ಹೊರಬರುತ್ತಿಲ್ಲ. ಮೇಲೆ ಹೋಗಿ ಆ ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿದ. ಪ್ಯಾನೆಲ್ಲಿನ ಹತ್ತಿರ ನಿಂತಿದ್ದ ಯಜಮಾನರು "ದೀಪ ಬಂತು ಕಣಪ್ಪಾ" ಎಂದು ಕೂಗಿದರು. ಕೈ ತೆಗೆದ ಕೂಡಲೇ ಆರಿತು.

ಮೇನ್ ಆಫ್ ಮಾಡಿ, ಫ್ಯೂಸನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ ಮೇಲೆಯೇ ಆತ ಲಾಕಿಗೆ ಕೈಹಾಕಿದ್ದು. ಕಾಂಟ್ಯಾಕ್ಟಿನ ತುದಿ ಕಿಡಿ ಹಾರಿ ಕಪ್ಪಾಗಿತ್ತು. ಬೇರೊಬ್ಬರಾಗಿದ್ದರೆ ಅದನ್ನು ಉಜ್ಜಿ ಹೊಳಪು ಮಾಡಿ ಹೊರಟುಬಿಡುತ್ತಿದ್ದರೇನೋ. ಈ ಹುಡುಗ ಅದೇಕೆ ಕಪ್ಪಾಯಿತೆಂದು ನೋಡಿದ. ಬಾಗಿಲಿನ ಮೇಲಿನ ಹಿಂಜಿನ ಸ್ಕ್ರೂ ಸಡಿಲವಾಗಿ ಬಾಗಿಲು ಒಂದೆರಡು ಮಿಲಿಮೀಟರ್ ಇಳಿಬಿದ್ದಿತ್ತು. ಅಷ್ಟಕ್ಕೇ ಲಾಕಿನ ನಾಲಿಗೆ ಪೂರ್ತಿ ಒಳಹೋಗದೆ, ಕಾಂಟ್ಯಾಕ್ಟ್ ತಾಗಿಯೂ ತಾಗದಂತೆ ಉಳಿದು ಕಿಡಿ ಹಾರುತ್ತಿತ್ತು. ಕರೆಂಟಿನ ತೊಂದರೆಯಾಗಿ ಕಾಣಿಸಿದ್ದರ ಬೇರು ಬಾಗಿಲಿನ ಸ್ಕ್ರೂನಲ್ಲಿತ್ತು. ಕಾಂಟ್ಯಾಕ್ಟನ್ನಷ್ಟೇ ಉಜ್ಜಿದ್ದರೆ ವಾರ ಕಳೆಯುವುದರೊಳಗೆ ಮತ್ತೆ ಅದೇ ಪಾಡು. ಹಿಂಜು ಬಿಗಿದು, ಬಾಗಿಲನ್ನು ಸಮಕ್ಕೆ ತಂದ. ಹೊಸ ಕಾಂಟ್ಯಾಕ್ಟ್ ಅವನ ಹತ್ತಿರ ಇರಲಿಲ್ಲ, ಮರುದಿನ ತರಬೇಕಿತ್ತು.

ಆಗ ಯಜಮಾನರು ಕೇಳಿದರು: "ಇವತ್ತು ಸಂಜೆ ಅಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಪ್ಪಾ. ಒಂದು ಜಂಪರ್ ಹಾಕಿ ಓಡಿಸ್ಕೊಡು. ನಾಳೆ ಪಾರ್ಟ್ ಹಾಕ್ದ್ರಾಯ್ತು." ಅವನು ತಲೆ ಎತ್ತಿ, "ಜಂಪರ್ ಅಂದ್ರೆ ಲಾಕನ್ನ ಬಿಟ್ಟು ವೈರ್ ಕೂಡ್ಸೋದು, ಎರಡು ನಿಮಿಷದ ಕೆಲ್ಸ ಸರ್. ಆದ್ರೆ ಆಮೇಲೆ ಈ ಬಾಗಿಲು ತೆಗೆದಿದ್ರೂ ಲಿಫ್ಟ್ ಮೇಲೆ ಹೋಗ್ಬಿಡುತ್ತೆ. ಯಾರಾದ್ರೂ ಲಿಫ್ಟ್ ಇದೆ ಅಂತ ಕಾಲಿಟ್ರೆ ಕೆಳಗಡೆ ಏನೂ ಇರಲ್ಲ. ನಾನು ಹಾಕಲ್ಲ ಸರ್" ಎಂದ. ಸಂಜೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹಿಡಿದು ಮೆಟ್ಟಿಲಿಳಿಸಿದರು. ಕಷ್ಟವಾಯಿತು, ನಿಜ. ಆದರೆ ಆ ಮನೆಯಲ್ಲಿ ಅವತ್ತು ಎಲ್ಲರಿಗಿಂತ ಸರಿಯಾದ ಮಾತಾಡಿದವನು ಆ ಹುಡುಗನೇ ಎಂದು ನಾನು ಬಲವಾಗಿ ನಂಬುತ್ತೇನೆ.

ಎಲ್ಲ ದೋಷಗಳೂ ಹೀಗೆ ಒಂದೇ ಮಧ್ಯಾಹ್ನದಲ್ಲಿ ಸಿಕ್ಕುವುದಿಲ್ಲ. ಬಂದುಹೋಗುವ ದೋಷವೇ ಮೆಕ್ಯಾನಿಕ್‌ಗಳನ್ನು ಹೆಚ್ಚು ಸತಾಯಿಸುವಂಥದ್ದು. ಕ್ಯಾಬಿನ್ನಿನ ತಳದಿಂದ ಶಾಫ್ಟಿನ ಗೋಡೆಗೆ ಜೋತುಬಿದ್ದಿರುವ ಟ್ರಾವೆಲಿಂಗ್ ಕೇಬಲ್ ಪ್ರತಿ ಸಲ ಏರುವಾಗಲೂ ಇಳಿಯುವಾಗಲೂ ಮಡಚಿ ಬಿಚ್ಚಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಹೊರಗಿನ ಹೊದಿಕೆ ಚೆನ್ನಾಗಿಯೇ ಇದ್ದು ಒಳಗಿನ ತಾಮ್ರದ ಎಳೆ ತುಂಡಾಗಬಹುದು. ಕೇಬಲ್ ಒಂದು ರೀತಿ ಬಾಗಿದಾಗ ತುದಿಗಳು ಕೂಡುತ್ತವೆ, ಇನ್ನೊಂದು ರೀತಿ ಬಾಗಿದಾಗ ಬೇರೆಯಾಗುತ್ತವೆ. ಆದ್ದರಿಂದ ಲಿಫ್ಟ್ ಕೆಳಗೆ ಸರಿಯಿದ್ದು ಒಂದನೆಯ ಮತ್ತು ಎರಡನೆಯ ಮಹಡಿಯ ನಡುವೆಯೇ ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ನೆಲಮಹಡಿಯಲ್ಲಿ ಅಳೆದರೆ ಎಲ್ಲ ಸರಿಯಾಗಿಯೇ ತೋರುತ್ತದೆ. ಟರ್ಮಿನಲ್ಲಿನ ಸ್ಕ್ರೂಗಳೂ ಅಷ್ಟೇ. ಮೋಟಾರಿನ ಕಂಪನಕ್ಕೆ ಒಂದು ಸಡಿಲವಾದರೂ ಸಾಕು, ಅಲ್ಲಿ ಬಿಸಿಯಾಗಿ ವೈರಿನ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಇಂಥ ಹೊತ್ತಿನಲ್ಲಿ ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬರೆದಿಡುವುದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಹಡಿಗಳ ನಡುವೆ, ಎಷ್ಟು ಜನರಿದ್ದಾಗ ನಿಂತಿತು ಎಂದು ಒಂದು ಚೀಟಿಯಲ್ಲಿ ಬರೆದು ಪ್ಯಾನೆಲ್ಲಿನ ಪಕ್ಕ ಅಂಟಿಸಿದರೆ, ಬಂದವರ ಅರ್ಧ ಹುಡುಕಾಟ ಮುಗಿದಂತೆ. "ಯಾವಾಗ್ಲೂ ಕೆಡುತ್ತೆ" ಎಂಬ ಮಾತಿನಿಂದ ಅವರಿಗೆ ಏನೂ ಸಿಕ್ಕುವುದಿಲ್ಲ.

ಲಿಫ್ಟಿನೊಳಗೆ ಯಾವ ದೋಷವೂ ಇಲ್ಲದೆ ಬೀದಿಯ ಕಂಬದಿಂದಲೇ ತೊಂದರೆ ಬರುವುದೂ ಉಂಟು. ಟ್ರಾನ್ಸ್‌ಫಾರ್ಮರ್ ಬದಲಿಸಿದಾಗ ಅಥವಾ ಲೈನ್ ಕೆಲಸ ನಡೆದಾಗ ತ್ರೀ ಫೇಸಿನ ಕ್ರಮ ಅದಲುಬದಲಾಗಬಹುದು. ಬೋರ್‌ವೆಲ್ ಇರುವ ರೈತರಿಗೆ ಇದು ಚೆನ್ನಾಗಿ ಗೊತ್ತು. ಪಂಪು ಉಲ್ಟಾ ತಿರುಗಿ ನೀರು ಸರಿಯಾಗಿ ಬರುವುದಿಲ್ಲ, ಸ್ಟಾರ್ಟರಿನಲ್ಲಿ ಎರಡು ವೈರ್ ಅದಲುಬದಲು ಮಾಡಬೇಕಾಗುತ್ತದೆ. ನೇರವಾಗಿ ತ್ರೀ ಫೇಸಿನಲ್ಲಿ ಓಡುವ ಲಿಫ್ಟಿನ ಮೋಟಾರ್ ಹೀಗೆ ಉಲ್ಟಾ ತಿರುಗಿದರೆ ಮೇಲೆ ಹೋಗಬೇಕಾದದ್ದು ಕೆಳಗೆ ಹೋಗುತ್ತದೆ. ಅದಕ್ಕೇ ಪ್ಯಾನೆಲ್ಲಿನಲ್ಲಿ ಫೇಸ್ ಕ್ರಮ ನೋಡುವ ಒಂದು ರಿಲೇ ಕೂತಿರುತ್ತದೆ. ಕ್ರಮ ತಪ್ಪಿದರೆ ಅಥವಾ ಒಂದು ಫೇಸ್ ಹೋದರೆ ಅದು ಲಿಫ್ಟನ್ನು ಹೊರಡಲು ಬಿಡುವುದಿಲ್ಲ. ನಿನ್ನೆ ರಾತ್ರಿ ಬೀದಿಯಲ್ಲಿ ಲೈನ್‌ಮನ್ ಕೆಲಸ ಮಾಡಿದ್ದರು, ಬೆಳಿಗ್ಗೆ ಲಿಫ್ಟ್ ಸತ್ತಂತಿದೆ ಎಂದರೆ ಅನುಭವಸ್ಥ ಮೆಕ್ಯಾನಿಕ್ ಮೊದಲು ನೋಡುವುದು ಆ ರಿಲೇಯನ್ನೇ.

ಇನ್ನು ಮಳೆಗಾಲ. ಪಿಟ್ಟಿಗೆ ನೀರು ಇಳಿದರೆ ಅಲ್ಲಿನ ಸ್ವಿಚ್ಚುಗಳ ಮೂಲಕ ಕರೆಂಟು ನೆಲಕ್ಕೆ ಸೋರಿ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಅದನ್ನು ಮತ್ತೆ ಮತ್ತೆ ಎತ್ತಿ ನೋಡುವುದು ತಪ್ಪು. ಒಮ್ಮೆ ಬಿದ್ದದ್ದನ್ನು ಎತ್ತಿದ ಮೇಲೆ ಮತ್ತೆ ಬಿದ್ದರೆ, ಅಲ್ಲಿ ಸೋರಿಕೆ ಇದೆ ಎಂದೇ ಅರ್ಥ. ಕರಾವಳಿಯ ಉಪ್ಪುಗಾಳಿಗೆ ಕಾಂಟ್ಯಾಕ್ಟುಗಳು ಬೇಗ ಮಂಕಾಗುತ್ತವೆ. ಬೆಚ್ಚಗಿನ ಪ್ಯಾನೆಲ್ಲಿನೊಳಗೆ ಹಲ್ಲಿ ಸೇರಿಕೊಂಡು ಎರಡು ಟರ್ಮಿನಲ್ಲಿನ ನಡುವೆ ಸುಟ್ಟುಹೋಗುವುದು, ರಿಲೇಯ ಕಾಂಟ್ಯಾಕ್ಟಿನ ನಡುವೆ ಇರುವೆಗಳು ಸಿಕ್ಕಿಕೊಳ್ಳುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಹೊಸತಲ್ಲ. ಪ್ಯಾನೆಲ್ಲಿಗೆ ಕೇಬಲ್ ಹೋಗುವ ತೂತುಗಳನ್ನು ಸರಿಯಾಗಿ ಮುಚ್ಚಿದರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ.

ಹಾಗಾದರೆ ಮನೆಯವರು ಕೈಹಾಕಬಹುದಾದದ್ದು ಎಷ್ಟು? ಮನೆಯಲ್ಲಿ ಕರೆಂಟು ಇದೆಯೇ, ಲಿಫ್ಟಿನ ಎಂಸಿಬಿ ಬಿದ್ದಿದೆಯೇ ಎಂದು ನೋಡಬಹುದು. ಎಲ್ಲ ಮಹಡಿಗಳ ಬಾಗಿಲನ್ನೂ ಒಮ್ಮೆ ಸರಿಯಾಗಿ ಹಾಕಬಹುದು. ಹೊಸ್ತಿಲಿನ ಸಂದಿಯಲ್ಲಿ ಕಲ್ಲೋ ಆಟಿಕೆಯೋ ಸಿಕ್ಕಿದ್ದರೆ ತೆಗೆಯಬಹುದು. ಮಕ್ಕಳು ಕೆಂಪು ಸ್ಟಾಪ್ ಬಟನ್ ಒತ್ತಿಬಿಟ್ಟಿದ್ದಾರೆಯೇ ಎಂದು ಗಮನಿಸಬಹುದು. ಅಲ್ಲಿಗೆ ನಮ್ಮ ಗಡಿ ಮುಗಿಯಿತು. ಪ್ಯಾನೆಲ್ ತೆರೆಯಬಾರದು. ಮೇನ್ ಆಫ್ ಮಾಡಿದ ಮೇಲೂ ಮೋಟಾರಿನ ಡ್ರೈವಿನೊಳಗಿನ ಕೆಪಾಸಿಟರ್‌ಗಳಲ್ಲಿ ಕೆಲವು ನಿಮಿಷ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಹೊರಗಿನಿಂದ ಬಾಗಿಲು ತೆಗೆಯುವ ಕೀಲಿಯನ್ನು ತರಬೇತಿ ಇಲ್ಲದವರ ಕೈಗೆ ಕೊಡಲೇಬಾರದು. ಅದರಿಂದ ಬಾಗಿಲು ತೆಗೆದಾಗ ಎದುರಿಗೆ ಕ್ಯಾಬಿನ್ ಇರುತ್ತದೆಂಬ ಖಾತ್ರಿಯಿಲ್ಲ.

ಒಳಗೆ ಯಾರಾದರೂ ಸಿಕ್ಕಿಕೊಂಡಾಗ ಈ ಎಚ್ಚರ ಇನ್ನೂ ಮುಖ್ಯ. ಉಸಿರು ಕಟ್ಟುತ್ತದೆಂಬ ಭಯ ಎಲ್ಲರಿಗೂ ಇದೆ. ಆದರೆ ಕ್ಯಾಬಿನ್ನಿಗೆ ಗಾಳಿಯಾಡುವ ಕಿಂಡಿಗಳನ್ನು ಇಟ್ಟಿರುತ್ತಾರೆ. ಬ್ರೇಕ್ ಹಿಡಿದು ನಿಂತ ಕ್ಯಾಬಿನ್ನಿನೊಳಗೆ ಕೂತವರು ಅಲ್ಲೇ ಕೂತಿರುವುದು ಕ್ಷೇಮ. ಎರಡು ಮಹಡಿಯ ನಡುವೆ ಬಾಗಿಲು ಸೀಳಿಕೊಂಡು ಹೊರಗೆ ನುಸುಳಲು ಹೋದಾಗಲೇ ಪ್ರಾಣಕ್ಕೆ ಕುತ್ತು. ಬೆಲ್ ಒತ್ತಿ, ಕೂಗಿ, ಕೂತು ಕಾಯಬೇಕು. ಹೊರಗಿರುವವರು ಧೈರ್ಯ ಹೇಳುತ್ತ ಮಾತಾಡುತ್ತಿರಬೇಕು. ಕರೆಂಟು ಹೋದಾಗ ಬ್ಯಾಟರಿಯ ಬಲದಿಂದ ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ತರುವ ಎಆರ್‌ಡಿ ಎಂಬ ಸಾಧನ ಬಹಳ ಮನೆಗಳಲ್ಲಿದೆ. ಆದರೆ ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾದದ್ದು ಗೊತ್ತಾಗುವುದು ಯಾರೋ ಕತ್ತಲಲ್ಲಿ ಸಿಕ್ಕಿಕೊಂಡ ಮೇಲೆಯೇ. ಎಚ್ಚರಿಕೆಯ ಬೆಲ್ಲು, ಕ್ಯಾಬಿನ್ನಿನ ತುರ್ತು ದೀಪ, ಎಆರ್‌ಡಿ ಇವುಗಳನ್ನು ಕರೆಂಟು ತೆಗೆಸಿ ಪರೀಕ್ಷಿಸಿ ಎಂದು ಪ್ರತಿ ಸರ್ವಿಸಿನಲ್ಲೂ ಕೇಳುವುದು ಮನೆಯವರ ಹೊಣೆ.

ನಮ್ಮ ರಾಜ್ಯದಲ್ಲಿ ಲಿಫ್ಟುಗಳಿಗೆಂದೇ 2012ರ ಕಾಯ್ದೆಯಿದೆ, ಅವುಗಳ ಪರಿಶೀಲನೆಗೆ ವಿದ್ಯುತ್ ಪರಿವೀಕ್ಷಣಾಲಯವಿದೆ. ಲಿಫ್ಟುಗಳಿಗೆ ಭಾರತೀಯ ಮಾನಕಗಳೂ ಇವೆ. ಆದರೆ ಮನೆಯ ನಾಲ್ಕು ಗೋಡೆಯೊಳಗೆ ಕಾನೂನಿನ ಕಣ್ಣು ದಿನವೂ ಬೀಳುವುದಿಲ್ಲ. ಮೊದಲ ವರ್ಷದ ಉಚಿತ ಸರ್ವಿಸ್ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಯ ಒಪ್ಪಂದಕ್ಕೆ (ಎಎಂಸಿ) ದುಡ್ಡು ಕಟ್ಟುವುದು ದಂಡವೆಂದು ತೋರುತ್ತದೆ. ಕೆಟ್ಟಾಗ ಕರೆದರಾಯಿತೆಂದು ಬಿಡುತ್ತೇವೆ. ಕರೆದಾಗ ಬಂದವರು ಮೂರು ಗಂಟೆ ಹುಡುಕಿ ಒಂದು ಸ್ಕ್ರೂ ಬಿಗಿದರೆ, ಸ್ಕ್ರೂ ಬಿಗಿಯಲು ಇಷ್ಟು ದುಡ್ಡೇ ಎಂದು ಚೌಕಾಸಿಗಿಳಿಯುತ್ತೇವೆ. ಹುಡುಕಾಟಕ್ಕೆ ಬೆಲೆ ಕೊಡದ ಕಡೆ ಜಂಪರಿಗೆ ಜಾಗವಾಗುತ್ತದೆ. ತಡವಾದರೆ ಬೈಯುವ, ಬೇಗ ಓಡಿಸಿಕೊಟ್ಟರೆ ಬೆನ್ನುತಟ್ಟುವ ಗಿರಾಕಿಯ ಎದುರು, ದಿನಕ್ಕೆ ಹಲವು ಮನೆ ತಿರುಗಬೇಕಾದ ಬಡ ಮೆಕ್ಯಾನಿಕ್ ಎಷ್ಟು ದಿನ ಬೇಡವೆನ್ನಬಲ್ಲ? ಸರಪಳಿಯ ಕೊಂಡಿಯೊಂದನ್ನು ವೈರಿನಿಂದ ಕೂಡಿಸಿ ಹೋದ ಕೈ ಅವನದ್ದಾದರೂ ಅದಕ್ಕೆ ಒತ್ತಾಯ ನಮ್ಮದಿರುತ್ತದೆ. ಆ ಒತ್ತಾಯವನ್ನು ನಾವು ಬಿಡಬೇಕು. ಬೇಡವೆಂದ ಮೆಕ್ಯಾನಿಕ್‌ಗೆ ಪೂರ್ತಿ ದುಡ್ಡು ಕೊಟ್ಟು, ನಾಳೆ ಬಾಪ್ಪಾ ಎಂದು ಕಳಿಸುವ ಮನೆಯಲ್ಲಿ ಮಾತ್ರ ಲಿಫ್ಟ್ ನಿಜವಾಗಿ ಸುರಕ್ಷಿತ.

ಪರೀಕ್ಷೆಗೆಂದು ತಾತ್ಕಾಲಿಕವಾಗಿ ವೈರ್ ಹಾಕಬೇಕಾದ ಸಂದರ್ಭ ನುರಿತವರಿಗೂ ಬರುತ್ತದೆ. ಒಳ್ಳೆಯವರು ಅದಕ್ಕೆ ಕಣ್ಣಿಗೆ ಹೊಡೆಯುವ ಬಣ್ಣದ ಉದ್ದನೆಯ ವೈರನ್ನೇ ಬಳಸುತ್ತಾರೆ. ಎಣಿಸಿ ತಂದು ಎಣಿಸಿಯೇ ಒಯ್ಯುತ್ತಾರೆ. ಅನಾಹುತವಾಗುವುದು ಮರೆತು ಉಳಿದ ವೈರಿನಿಂದ. ಲಿಫ್ಟ್ ಮತ್ತೆ ಓಡಿದ ಖುಷಿಯಲ್ಲಿ ಎಲ್ಲರೂ ಅದನ್ನು ಮರೆಯುತ್ತಾರೆ, ಏಕೆಂದರೆ ಆ ವೈರಿದ್ದಾಗ ಲಿಫ್ಟ್ ಇನ್ನೂ ಸಲೀಸಾಗಿ ಓಡುತ್ತದೆ.

ಆದ್ದರಿಂದ ರಿಪೇರಿ ಮುಗಿಯಿತೆಂದು ಮೆಕ್ಯಾನಿಕ್ ಹೇಳಿದಾಗ ಅವರನ್ನು ಇನ್ನೊಂದು ಹತ್ತು ನಿಮಿಷ ನಿಲ್ಲಿಸಿಕೊಳ್ಳಿ. ಲಿಫ್ಟ್ ಮೇಲೆ ಕೆಳಗೆ ಓಡಿದ್ದನ್ನು ನೋಡಿ ಸಮಾಧಾನಪಡುವುದು ಸಾಲದು. ಅದು ನಿಮ್ಮ ಮಹಡಿಗೆ ಬಂದು ನಿಂತಾಗ ಕ್ಯಾಬಿನ್ನಿನ ಗೇಟನ್ನು ಮುಚ್ಚಿ, ಮಹಡಿಯ ಬಾಗಿಲನ್ನು ತೆರೆದೇ ಇಟ್ಟು ಬೇರೆ ಮಹಡಿಯಿಂದ ಬಟನ್ ಒತ್ತಿಸಲು ಹೇಳಿ. ಕ್ಯಾಬಿನ್ ಕೂದಲೆಳೆಯಷ್ಟೂ ಕದಲಬಾರದು. ಇದನ್ನು ಪ್ರತಿ ಮಹಡಿಯಲ್ಲೂ ಅವರ ಕೈಯಿಂದಲೇ, ನಿಮ್ಮ ಕಣ್ಣೆದುರೇ ಮಾಡಿಸಿ. ಒಂದೇ ಒಂದು ಬಾಗಿಲು ತೆರೆದಿರುವಾಗ ಅದು ಹೊರಟರೂ ರಿಪೇರಿ ಇನ್ನೂ ಮುಗಿದಿಲ್ಲ. ಎಲ್ಲ ಕಡೆಯೂ ಅದು ಹೊರಡಲು ಒಪ್ಪದೆ ನಿಂತರೆ, ಆಮೇಲೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಧೈರ್ಯವಾಗಿ ಅದರೊಳಗೆ ಕಳಿಸಬಹುದು.